ಕಲ್ಲಮನೆಯ ದಾರಂದವೂ ನನ್ನ ಹಣೆಯೂ

ಹಳೆಯ ಮನೆಯೊಳಗೆ ಮೊದಲು ಹೋಗುವುದು ಕಾಲು ಎಂದು ಯಾರಾದರೂ ಹೇಳಿದರೆ, ಅವರು ಹಳೆಯ ಮನೆಗೆ ಹೋದವರಲ್ಲ ಎಂದು ತಿಳಿಯಿರಿ. ಮೊದಲು ಹೋಗುವುದು ಹಣೆ. ಬಲಗಾಲಿಟ್ಟು ಒಳಗೆ ಬಾ ಎಂದು ಹಿರಿಯರೇನೋ ಹೇಳುತ್ತಾರೆ. ಆದರೆ ಬಲಗಾಲು ಹೊಸ್ತಿಲು ದಾಟುವಷ್ಟರಲ್ಲಿ ಹಣೆ ಬಾಗಿಲಿನ ಮೇಲ್ಗಲ್ಲನ್ನು ಮುಟ್ಟಿ, ಕಣ್ಣೆದುರು ನಕ್ಷತ್ರ ತೋರಿಸಿ, ಮನೆಯವರಿಗೆಲ್ಲ ನಗು ತರಿಸಿ ತನ್ನ ಕೆಲಸ ಮುಗಿಸಿರುತ್ತದೆ. ನನ್ನ ಹಣೆಯ ಬಲಭಾಗದಲ್ಲಿ, ಕೂದಲು ಹಿಂದೆ ಸರಿದು ಖಾಲಿ ಬಿಟ್ಟ ಜಾಗದಲ್ಲಿ, ಒಂದು ಸಣ್ಣ ದಿಬ್ಬ ಇದೆ. ಹೊಸದಾಗಿ ಪರಿಚಯವಾದವರು ಅದನ್ನು ದೇವರಿಗೆ ಅಡ್ಡಬಿದ್ದು ಅಡ್ಡಬಿದ್ದು ಆದದ್ದು ಎಂದು ಭಾವಿಸುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಉಡುಪಿಯ ಕಡಿಯಾಳಿ, ಅಂಬಲಪಾಡಿ ದೇವಸ್ಥಾನಗಳಲ್ಲಿ ಆ ದಿಬ್ಬದಿಂದಾಗಿ ನನಗೆ ಪ್ರಸಾದ ಸ್ವಲ್ಪ ಬೇಗ ಸಿಗುವುದುಂಟು. ನಿಜ ಹೇಳಬೇಕೆಂದರೆ ಅದನ್ನು ಕೊಟ್ಟದ್ದು ಬೆಳ್ಮಣ್ಣಿನ ಹತ್ತಿರ ಇರುವ ನನ್ನ ದೊಡ್ಡಮ್ಮನ ಮನೆಯ ದಾರಂದ. ಬಾಗಿಲಿನ ಚೌಕಟ್ಟಿಗೆ ನಮ್ಮ ಕಡೆ ದಾರಂದ ಎನ್ನುತ್ತೇವೆ. ಬೇರೆ ಮನೆಗಳಲ್ಲಿ ಅದು ಮರದ್ದು. ಈ ಮನೆಯಲ್ಲಿ ಕಾರ್ಕಳದ ಕಡೆಯಿಂದ ತಂದ ಅಖಂಡ ಕರಿಕಲ್ಲಿನದ್ದು.

ಊರಿನವರು ಅದನ್ನು ಕಲ್ಲಮನೆ ಎಂದೇ ಕರೆಯುತ್ತಾರೆ. ಗೋಡೆ ಕೆಂಪು ಮುರಕಲ್ಲಿನದು, ಎರಡೂವರೆ ಅಡಿ ದಪ್ಪ. ಒಳಗೆ ಕುಳಿತವರಿಗೆ ಹೊರಗೆ ಬಸ್ಸು ಹೋದದ್ದು ಕೇಳಿಸುವುದಿಲ್ಲ. ದೊಡ್ಡಮ್ಮ ಕರೆದದ್ದು ಮಾತ್ರ ಗದ್ದೆಯವರೆಗೂ ಕೇಳಿಸುತ್ತದೆ. ಮುಂದೆ ಅಂಗಳ, ಅಂಗಳದಾಚೆ ಗದ್ದೆ. ಮೆಟ್ಟಿಲು ಹತ್ತಿದರೆ ಜಗಲಿ, ಜಗಲಿಯಿಂದ ದಾರಂದ ದಾಟಿದರೆ ಚಾವಡಿ. ಚಾವಡಿಯಲ್ಲಿ ನಾಲ್ಕು ಕಲ್ಲಿನ ಕಂಬ, ಮೇಲೆ ಹಲಸಿನ ಹಲಗೆಯ ಅಟ್ಟ, ಅದರ ಮೇಲೆ ಹೆಂಚು. ಮನೆ ಎಷ್ಟು ಹಳೆಯದು ಎಂದು ಕೇಳಿದರೆ ದೊಡ್ಡಮ್ಮನ ಮಗ ಸದಾನಂದ, 'ಅಜ್ಜನ ಅಜ್ಜನ ಕಾಲದ್ದು' ಎನ್ನುತ್ತಾನೆ. ಆ ಅಜ್ಜನ ಅಜ್ಜನ ಹೆಸರು ಕೇಳಿದರೆ ಅವನಿಗೆ ಗೊಬ್ಬರ ಹಾಕಲು ಹೊತ್ತಾಗುತ್ತದೆ.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ಬಂಧುಬಳಗದಲ್ಲಿ ನಾನು ಇಂಜಿನಿಯರ್. ವಾಸ್ತವವಾಗಿ ನಾನು ಮೂವತ್ತು ವರ್ಷ ಹುಡುಗರಿಗೆ ಕಟ್ಟಡದ ನಕ್ಷೆ ಬಿಡಿಸುವುದನ್ನು ಕಲಿಸಿ ನಿವೃತ್ತನಾದ ಮೇಷ್ಟ್ರು. ನಾನು ಕಟ್ಟಿದ ಮನೆಗಳೆಲ್ಲ ಕಾಗದದ ಮೇಲೆಯೇ ನಿಂತಿವೆ. ದೇವರ ದಯೆಯಿಂದ ಒಂದೂ ಬಿದ್ದಿಲ್ಲ. ಆದರೆ ಕುಟುಂಬದಲ್ಲಿ ಯಾರಾದರೂ ಬಚ್ಚಲು ಕಟ್ಟಿಸುವುದಿದ್ದರೂ 'ಇಂಜಿನಿಯರನ್ನು ಒಂದು ಮಾತು ಕೇಳಿ' ಎನ್ನುವ ಪದ್ಧತಿ ಬೆಳೆದುಬಂದಿದೆ. ಕೇಳಿದರೆ ಹೇಳದೆ ಇರುವಷ್ಟು ವೈರಾಗ್ಯ ನನಗಿನ್ನೂ ಬಂದಿಲ್ಲ.

ನಿವೃತ್ತಿಯ ನಂತರ ನನಗೆ ಹಿಡಿದ ಹುಚ್ಚು ಎಂದರೆ ಕಲ್ಲಮನೆಯ ವಾಸ್ತುಶಿಲ್ಪದ ವ್ಯಾಖ್ಯಾನ. ಹಬ್ಬಕ್ಕೋ ಪೂಜೆಗೋ ನೆಂಟರು ಸೇರಿದಾಗ ಊಟಕ್ಕೆ ಎಲೆ ಹಾಕುವವರೆಗೆ ಅವರನ್ನು ನಾನು ಬಿಡುತ್ತಿರಲಿಲ್ಲ. ದಾರಂದ ಏಕೆ ತಗ್ಗು? ಎಂಥ ಧಣಿಯೂ ಮನೆಯ ದೈವದೇವರಿಗೆ ತಲೆಬಾಗಿ ಒಳಗೆ ಬರಲಿ ಎಂದು ಹಿರಿಯರು ಕಲಿಸಿದ ನಮ್ರತೆ! ಕಿಟಕಿ ಏಕೆ ನೆಲಕ್ಕೆ ಇಷ್ಟು ಹತ್ತಿರ? ಚಾಪೆಯ ಮೇಲೆ ಕುಳಿತವರಿಗೂ ಗದ್ದೆ ಕಾಣಲಿ ಎಂಬ ಮುಂದಾಲೋಚನೆ! ದೀಪದ ಗೂಡು ಏಕೆ ಮೊಣಕಾಲೆತ್ತರದಲ್ಲಿದೆ? ಮಕ್ಕಳೂ ದೀಪ ಹಚ್ಚಲಿ ಎಂದು! ಕಂಬಗಳಿಗೆ ಪೀಠವೇ ಇಲ್ಲದೆ ಸೀದಾ ನೆಲದಿಂದ ಎದ್ದಿವೆಯಲ್ಲ? ಅದು ಮಣ್ಣಿನ ಜೊತೆಗಿನ ನಂಟು! ಮಣಿಪಾಲದ ಕಡೆಯಿಂದ ಒಮ್ಮೆ ನಾಲ್ಕೈದು ವಿದ್ಯಾರ್ಥಿಗಳು ಮನೆಯ ಚಿತ್ರ ಬರೆದುಕೊಳ್ಳಲು ಬಂದಿದ್ದರು. ಅವರಲ್ಲಿ ಒಬ್ಬಳು ಹುಡುಗಿ ಮರದ ಬಾಗಿಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, 'ಸಾರ್, ಬಾಗಿಲಿನ ಮೇಲ್ಗಡೆ ಪೂರ್ತಿ ತಾವರೆ ಉಂಟು, ಕೆಳಗಡೆಯದ್ದು ಅರ್ಧ ಮಾತ್ರ ಉಂಟಲ್ಲ, ಯಾಕೆ?' ಎಂದು ಕೇಳಿದಳು. ನನಗೆ ಆ ತನಕ ಅದು ಕಣ್ಣಿಗೇ ಬಿದ್ದಿರಲಿಲ್ಲ. ಆದರೆ ಮೇಷ್ಟ್ರಾದವನು ಗೊತ್ತಿಲ್ಲ ಎನ್ನುವುದುಂಟೇ? 'ಅದು ನೀರಿನಿಂದ ಮೇಲೇಳುತ್ತಿರುವ ತಾವರೆ ಮಗೂ. ಕೆಳಗೆ ಏಳುತ್ತದೆ, ಮೇಲೆ ಅರಳುತ್ತದೆ' ಎಂದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹಿಂದೆ ಅಕ್ಕಿ ಆರಿಸುತ್ತಿದ್ದ ದೊಡ್ಡಮ್ಮ ಒಮ್ಮೆ ಕೆಮ್ಮಿದರು. ಧೂಳು ಎಂದುಕೊಂಡೆ.

ಹೀಗೆ ವ್ಯಾಖ್ಯಾನ ಚೆನ್ನಾಗಿಯೇ ನಡೆಯುತ್ತಿದ್ದಾಗ ಕಳೆದ ಮಳೆಗಾಲದ ಕೊನೆಯಲ್ಲಿ ದೊಡ್ಡಮ್ಮನ ಬೆನ್ನುಮೂಳೆಗೆ ಶಸ್ತ್ರಚಿಕಿತ್ಸೆ ಆಯಿತು. ಎಪ್ಪತ್ತಾರು ವರ್ಷದ ಹೆಂಗಸು ಮೂರನೇ ದಿನಕ್ಕೆ ಮಣಿಪಾಲದ ಆಸ್ಪತ್ರೆಯ ವರಾಂಡದಲ್ಲಿ ನಡೆದಾಡುತ್ತ ದಾದಿಯರಿಗೆ ಗಂಜಿ ಮಾಡುವ ಕ್ರಮ ಹೇಳಿಕೊಡುತ್ತಿದ್ದರು. ಬಿಡುಗಡೆಯ ದಿನ ವೈದ್ಯರು, 'ಚೆನ್ನಾಗಿ ನಡೆಯಬೇಕು. ಆದರೆ ಆರು ತಿಂಗಳು ಬಗ್ಗಲೇಬಾರದು' ಎಂದು ಬೆರಳೆತ್ತಿ ಹೇಳಿದರು. ಬೆನ್ನು ಬಗ್ಗಿಸದೆ ಕುಕ್ಕರಿಸಿ ಬಾಗಿಲು ದಾಟೋಣವೆಂದರೆ ಮೊಣಕಾಲುಗಳು ಹತ್ತು ವರ್ಷದಿಂದ ಮುಷ್ಕರದಲ್ಲಿವೆ. ಕಾರಿನಲ್ಲಿ ಕುಳಿತ ಮೇಲೆ ಸದಾನಂದ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ದೊಡ್ಡಮ್ಮನ ಎತ್ತರ ಐದು ಅಡಿ ನಾಲ್ಕು ಇಂಚು. ದಾರಂದದ ಎತ್ತರ ನಾಲ್ಕು ಅಡಿ ಹತ್ತು ಇಂಚು. ನನಗೆ ಈ ಅಳತೆ ಬಾಯಿಪಾಠ, ಏಕೆಂದರೆ ನನ್ನ ಐದಡಿ ಎಂಟು ಇಂಚನ್ನು ಅದರೊಳಗೆ ತುರುಕಲು ನಾನು ಪ್ರತಿಸಲವೂ ಹತ್ತು ಇಂಚು ಬಗ್ಗಬೇಕಾಗಿತ್ತು. ಹಿಂಬದಿಯ ಅಡುಗೆಮನೆಯ ಬಾಗಿಲು ಅದಕ್ಕಿಂತಲೂ ಗಿಡ್ಡ.

'ಎಂತ ಇಬ್ಬರೂ ಮುಖ ಮುಖ ನೋಡಿಕೊಳ್ಳುವುದು? ನನಗೆ ಗೊತ್ತುಂಟು' ಎಂದರು ದೊಡ್ಡಮ್ಮ ಹಿಂದಿನ ಸೀಟಿನಿಂದ. 'ಸದ್ಯ ಇಂಜಿನಿಯರನ ಮನೆಗೆ ನಡೆಯಿರಿ. ಆದರೆ ಹೊಸ್ತಿನ ದಿನ ಕದಿರು ಕಟ್ಟುವುದು ನಾನೇ. ಬೇರೆ ಯಾರೂ ಅಲ್ಲ.'

ಇದರ ತೂಕ ನಿಮಗೆ ತಿಳಿಯಬೇಕು. ಹೊಸ ಬೆಳೆ ಬಂದಾಗ ಗದ್ದೆಯಿಂದ ಮೊದಲ ಭತ್ತದ ತೆನೆಗಳನ್ನು ತಂದು, ಮಾವು ಹಲಸಿನ ಎಲೆಯಲ್ಲಿ ಸೇರಿಸಿ ಸುತ್ತಿ, ಮನೆಯ ದಾರಂದಕ್ಕೆ ಕಟ್ಟುವುದು ನಮ್ಮಲ್ಲಿನ ಹೊಸ್ತಿನ ಕ್ರಮ. ಕಟ್ಟಿದ ಮೇಲೆ ಅದರ ಕೆಳಗೆ ಹಾದು ಒಳಗೆ ಹೋಗಿ ಹೊಸ ಅಕ್ಕಿಯ ಊಟ. ಕಲ್ಲಮನೆಯಲ್ಲಿ ಅದನ್ನು ಕಟ್ಟುವವಳು ಮನೆಯ ಯಜಮಾನಿ. ದೊಡ್ಡಮ್ಮ ಮದುವೆಯಾಗಿ ಬಂದು ಕೆಲವು ವರ್ಷಕ್ಕೆ ಅತ್ತೆಯ ಕೈಯಿಂದ ಆ ಕೆಲಸ ತೆಗೆದುಕೊಂಡವರು, ಒಂದು ವರ್ಷವೂ ತಪ್ಪಿಸಿದವರಲ್ಲ. ದೊಡ್ಡಪ್ಪ ತೀರಿಕೊಂಡ ವರ್ಷ ಅವರು ಕಟ್ಟಬಾರದು ಎಂದು ಹೇಳಲು ಬಂದ ಹಿರಿಯರೊಬ್ಬರು ಕಾಫಿ ಕುಡಿದು ಏನೂ ಹೇಳದೆ ಹೋದರು. ಈ ಸಲದ ಹೊಸ್ತಿಗೆ ಉಳಿದಿದ್ದದ್ದು ಇಪ್ಪತ್ತಮೂರು ದಿನ.

ನಮ್ಮ ಕಡಿಯಾಳಿಯ ಫ್ಲ್ಯಾಟಿನಲ್ಲಿ ದೊಡ್ಡಮ್ಮ ಬಗ್ಗದೆಯೇ ಆಡಳಿತ ವಹಿಸಿಕೊಂಡರು. ನಮ್ಮ ಮನೆಯ ಬಾಗಿಲುಗಳೆಲ್ಲ ಏಳಡಿ. ಅದರಿಂದ ಅವರಿಗೆ ಒಂದಿಷ್ಟೂ ಸಂತೋಷವಾಗಲಿಲ್ಲ. 'ಬಾಗಿಲು ಇಷ್ಟು ದೊಡ್ಡ, ಗೋಡೆ ಮಾತ್ರ ಹಪ್ಪಳ. ಆಚೆ ಮನೆಯವರು ಚಟ್ನಿಗೆ ಉಪ್ಪು ಹಾಕಿದ್ದು ಸಹ ಕೇಳಿಸ್ತದೆ ಮಾರಾಯ್ತಿ' ಎಂದು ನನ್ನ ಹೆಂಡತಿ ಶಾಲಿನಿಯ ಹತ್ತಿರ ದೂರಿದರು. ಮನೆಯಲ್ಲಿ ನಾವು ಆಡುವುದು ತುಳು. ಕನ್ನಡದಲ್ಲಿ ಬರೆಯುವಾಗ ದೊಡ್ಡಮ್ಮನ ಬೈಗುಳದಲ್ಲಿ ಅರ್ಧ ಖಾರ ಹೋಗಿಬಿಡುತ್ತದೆ, ನೀವೇ ಮೇಲಿಂದ ಸ್ವಲ್ಪ ಉದುರಿಸಿಕೊಳ್ಳಬೇಕು. ಗಾಲಿಕುರ್ಚಿಯಲ್ಲಿ ಕೂರಿಸಿ ಒಳಗೆ ಕರೆದುಕೊಂಡು ಹೋಗೋಣ ಎಂದು ಶಾಲಿನಿ ಮೆಲ್ಲನೆ ಸೂಚಿಸಿದಳು. 'ನಡೆದು ಹೊರಗೆ ಬಂದವಳು ನಡೆದೇ ಒಳಗೆ ಹೋಗುವುದು. ಕೂರಿಸಿಕೊಂಡು ಹೋಗುವುದು ಉತ್ಸವಮೂರ್ತಿಯನ್ನು, ಮಲಗಿಸಿಕೊಂಡು ಹೋಗುವುದು ಹೆಣವನ್ನು. ನಾನು ಎರಡೂ ಅಲ್ಲ' ಎಂಬ ಉತ್ತರ ಬಂತು. ಅದೂ ಅಲ್ಲದೆ ಒಳಗೆ ಹೋದ ಮೇಲೆ ದಿನಕ್ಕೆ ಇಪ್ಪತ್ತು ಸಲ ಹೊರಗೆ ಬರದೆ ಇರುವ ಹೆಂಗಸೂ ಅವರಲ್ಲ. ಹಸು ಕೂಗಿದರೆ ಹೊರಗೆ, ಬೆಕ್ಕು ಕೂಗಿದರೆ ಒಳಗೆ.

ಅವತ್ತೇ ನಾನು ಹಟಕ್ಕೆ ಬಿದ್ದೆ. ದಾರಂದವನ್ನು ಎತ್ತಬೇಕು. ಹಿರಿಯರ ನಮ್ರತೆ ಹಿರಿಯರಿಗೆ ಇರಲಿ, ದೊಡ್ಡಮ್ಮ ತಲೆಯೆತ್ತಿ ಒಳಗೆ ಹೋಗಬೇಕು. ನನ್ನ ಹಳೆಯ ಡ್ರಾಯಿಂಗ್ ಬೋರ್ಡನ್ನು ಮಂಚದ ಕೆಳಗಿನಿಂದ ಎಳೆದು ಧೂಳು ಕೊಡವಿ ನಾಲ್ಕು ದಿನದಲ್ಲಿ ಆರು ನಕ್ಷೆ ಬಿಡಿಸಿದೆ. ಮೇಲ್ಗಲ್ಲಿನ ಎರಡೂ ಕಡೆ ಕಬ್ಬಿಣದ ಕಂಬ, ಕೆಳಗೆ ನಾಲ್ಕು ಜಾಕು, ಒಂದೊಂದೇ ಸುತ್ತು ತಿರುಗಿಸುತ್ತ ಎಂಟು ಇಂಚು ಮೇಲಕ್ಕೆ. ಬಾಣದ ಗುರುತುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಹಾಕಿದ್ದೆ. ದೊಡ್ಡಮ್ಮ ಒಮ್ಮೆ ಬೋರ್ಡಿನ ಹಿಂದೆ ಬಂದು ನಿಂತು, 'ನಿನ್ನ ದೊಡ್ಡಪ್ಪ ಗದ್ದೆಯಿಂದ ಬಂದವರು ಮುಟ್ಟಾಳೆ ಸಹ ತೆಗೆಯದೆ ಚಾವಡಿಗೆ ಬರುತ್ತಿದ್ದರು, ನನ್ನ ಅತ್ತೆ ಬೈಯುತ್ತಿದ್ದರು' ಎಂದರು. ಮುಟ್ಟಾಳೆ ಎಂದರೆ ಅಡಿಕೆ ಹಾಳೆಯ ಟೊಪ್ಪಿ, ತಲೆಯ ಮೇಲೆ ಮೂರು ನಾಲ್ಕು ಇಂಚು ನಿಲ್ಲುತ್ತದೆ. ವಯಸ್ಸಾದವರು ಹಳೆಯದನ್ನು ನೆನೆಸುವುದು ಸಹಜ ಎಂದುಕೊಂಡು ನಾನು, 'ಹೌದು ದೊಡ್ಡಮ್ಮ, ಹೌದು' ಎಂದು ಆರನೇ ನಕ್ಷೆಗೆ ಪೆನ್ಸಿಲ್ ಕೆತ್ತಿದೆ. ಅವರು ಅಡುಗೆಮನೆಗೆ ಹೋದರು.

ಈ ಕೆಲಸಕ್ಕೆ ಸದಾನಂದ ಗೊತ್ತು ಮಾಡಿದ್ದು ಕಾಪುವಿನ ಹಮೀದಾಕ ಎಂಬ ಬ್ಯಾರಿ ಮೇಸ್ತ್ರಿಯನ್ನು. ವಯಸ್ಸು ಅರವತ್ತರ ಮೇಲೆ, ಗಲ್ಫಿನಲ್ಲಿ ಇಪ್ಪತ್ತು ವರ್ಷ ಕಲ್ಲು ಹಾಸಿ ಊರಿಗೆ ಬಂದು ಹಳೆಯ ಮನೆಗಳ ರಿಪೇರಿಯನ್ನೇ ಮಾಡಿಕೊಂಡಿದ್ದವರು. ಅವರು ಬಂದು ನನ್ನ ಆರೂ ನಕ್ಷೆಗಳನ್ನು ಗೌರವದಿಂದ ನೋಡಿದರು. ಒಂದನ್ನು ತಲೆಕೆಳಗಾಗಿ ಹಿಡಿದಿದ್ದರು, ನಾನು ಹೇಳಲಿಲ್ಲ. ಆಮೇಲೆ ಒಂದು ಪುಟ್ಟ ಸುತ್ತಿಗೆ ತೆಗೆದು ದಾರಂದವನ್ನು ಅಲ್ಲಲ್ಲಿ ತಟ್ಟಿ ಕಿವಿ ಕೊಟ್ಟು ಕೇಳಿದರು.

'ಒಳ್ಳೆ ಕಲ್ಲು ಸಾರ್. ಎತ್ತಲಿಕ್ಕೆ ಆಗ್ತದೆ.'

'ಆಗ್ತದಲ್ಲ?' ನಾನು ಉಬ್ಬಿಹೋದೆ.

'ಕಲ್ಲು ಎತ್ತಲಿಕ್ಕೆ ಆಗ್ತದೆ. ಮನೆ ಅದರೊಟ್ಟಿಗೆ ಬರ್ತದಾ ಇಲ್ಲವಾ, ಅದು ನಂಗೆ ಗೊತ್ತಿಲ್ಲ. ಈ ಕಲ್ಲಿನ ಮೇಲೆ ಗೋಡೆ ಉಂಟು, ಗೋಡೆ ಮೇಲೆ ಅಟ್ಟದ ತೊಲೆ ಉಂಟು, ಅದರ ಮೇಲೆ ಹೆಂಚಿನ ಮಾಡು ಉಂಟು. ನೀವು ಇಲ್ಲಿ ಎಂಟು ಇಂಚು ಅಂತ ಬರೆದಿದ್ದೀರಿ. ತೊಲೆಗೆ ಓದಲಿಕ್ಕೆ ಬರ್ತದಾ ಸಾರ್?'

ನನಗೆ ಸಿಟ್ಟು ಬಂತು. ಮೂವತ್ತು ವರ್ಷ ನನ್ನ ಕ್ಲಾಸಿನಲ್ಲಿ ಯಾವ ತೊಲೆಯೂ ಎದುರು ಮಾತಾಡಿರಲಿಲ್ಲ. ಏನಾದರಾಗಲಿ ಎತ್ತಲೇಬೇಕು ಎಂದೆ. ಹಮೀದಾಕ ವಾದಿಸಲಿಲ್ಲ. 'ಆಯ್ತು ಸಾರ್. ಆದರೆ ಮನೆಯ ತಲೆ ಮುಟ್ಟುವ ಮೊದಲು ಕಾಲು ನೋಡುವುದು ನನ್ನ ಕ್ರಮ. ದಾರಂದದ ಕಾಲು ಎಲ್ಲಿ ಊರಿದೆ ಅಂತ ಕಾಣಬೇಕು. ಈ ಮೂಲೆಯ ಒಂದು ಟೈಲ್ಸ್ ತೆಗೀಲಾ?' ಎಂದರು.

ಇಲ್ಲಿ ಒಂದು ಕಷ್ಟವಿತ್ತು. ಕಲ್ಲಮನೆಯ ಚಾವಡಿಯ ನೆಲಕ್ಕೆ ಹಾರೆ ಪಿಕ್ಕಾಸು ತಾಗಿಸಬಾರದು ಎಂಬುದು ತಲೆತಲಾಂತರದ ಕಟ್ಟು. ಮನೆ ಕಟ್ಟುವಾಗ ಪೂಜೆ ಮಾಡಿ ಏನೇನೋ ಇಟ್ಟ ಜಾಗವಂತೆ. ಸದಾನಂದ ಮೇಲೆ ಕೆಳಗೆ ನೋಡಿ, 'ಟೈಲ್ಸ್ ಮಾತ್ರ ತೆಗೆದರೆ ಅಡ್ಡಿ ಇಲ್ಲ, ಅಲ್ವಾ? ಅದು ಇತ್ತೀಚಿನದ್ದು' ಎಂದ. ಆ ಟೈಲ್ಸಿನ ಕಥೆ ನನಗೆ ಆಗ ಸಣ್ಣದಾಗಿ ನೆನಪಾಗತೊಡಗಿತು. ಹನ್ನೆರಡು ವರ್ಷದ ಹಿಂದೆ ಮನೆಯ ಬದಿಗೆ ಹೊಸ ಬಚ್ಚಲುಮನೆ ಕಟ್ಟಿದಾಗ ಚಾವಡಿಗೂ ಬಚ್ಚಲಿಗೂ ನಡುವೆ ಎರಡು ಮೆಟ್ಟಿಲು ಬಂದಿತ್ತು. ವಯಸ್ಸಾದ ದೊಡ್ಡಮ್ಮ ಎಡವಿ ಬಿದ್ದಾರು ಎಂದು ಮನೆಯ ನೆಲವನ್ನೆಲ್ಲ ಒಂದೇ ಲೆವೆಲ್ಲಿಗೆ ತರಲು ನಕ್ಷೆ ಬರೆದುಕೊಟ್ಟವನು ನಾನೇ. ಒಂದೇ ಲೆವೆಲ್ ಎನ್ನುವುದು ನನ್ನ ಜೀವನದ ಧ್ಯೇಯವಾಗಿತ್ತು. ನಕ್ಷೆ ಕೊಟ್ಟು ಉಡುಪಿಗೆ ಹೋದವನು ಕೆಲಸ ಮುಗಿದ ಮೇಲೆ ಬಂದು, ಗೋಲಿ ಇಟ್ಟು ನೋಡಿ, ಅದು ಉರುಳದೆ ನಿಂತದ್ದು ಕಂಡು ಹಿಗ್ಗಿದ್ದೆ.

ಹಮೀದಾಕ ಒಂದು ಟೈಲ್ಸನ್ನು ಹಪ್ಪಳ ಎಬ್ಬಿಸುವಷ್ಟು ನಾಜೂಕಾಗಿ ಎಬ್ಬಿಸಿದರು. ಅದರ ಕೆಳಗೆ ಸಿಮೆಂಟು. ಸಿಮೆಂಟಿನ ಕೆಳಗೆ ಜಲ್ಲಿ. ಜಲ್ಲಿಯ ಕೆಳಗೆ ಕಲ್ಲಿನ ಹುಡಿ. ಕೈಯಲ್ಲೇ ಬಾಚಿ ಬಾಚಿ ತೆಗೆದು ಕೊನೆಗೆ ಅಂಗೈಯಿಂದ ಒರೆಸಿದರು. ಕೆಳಗೆ ಕೆಂಪಾಗಿ, ನುಣ್ಣಗೆ, ನಿನ್ನೆ ಹಾಕಿದ ಹಾಗೆ ಒಂದು ನೆಲ ಹೊಳೆಯಿತು. ದೊಡ್ಡಪ್ಪ ಹಾಕಿಸಿದ ಕಾವಿ ಬಣ್ಣದ ಸಿಮೆಂಟು ನೆಲ. ನಾವು ಮಕ್ಕಳು ರಜೆಯಲ್ಲಿ ಬಂದಾಗ ಬೆತ್ತಲೆ ಹೊಟ್ಟೆ ತಾಗಿಸಿ ಮಲಗುತ್ತಿದ್ದ ನೆಲ. ಕರಿಕಲ್ಲಿನ ದಾರಂದ ಅದನ್ನೂ ದಾಟಿ ಇನ್ನೂ ಕೆಳಗೆ ಇಳಿದಿತ್ತು. ಕೆಂಪು ನೆಲದ ಅಂಚಿನಲ್ಲಿ ಅದರ ಕಾಲಿಗೆ ಕೆತ್ತಿದ ಬಳ್ಳಿಯೊಂದರ ತುದಿ ಇಣುಕುತ್ತಿತ್ತು. ಹಮೀದಾಕ ಟೇಪು ಇಳಿಬಿಟ್ಟರು.

'ಏಳು ಇಂಚು. ಕಲ್ಲು ಕೆಳಗೆ ಬಂದದ್ದಲ್ಲ ಸಾರ್, ನೆಲ ಮೇಲೆ ಬಂದದ್ದು. ಯಾವ ಪುಣ್ಯಾತ್ಮ ಇಷ್ಟು ತುಂಬಿಸಿದ್ದು?'

ಸದಾನಂದ ಹೊರಗೆ ಹೋಗಿ ನಾಯಿಗೆ ಬೈಯತೊಡಗಿದ. ನಾಯಿ ಏನೂ ಮಾಡಿರಲಿಲ್ಲ.

ನಾನು ಚಾವಡಿಯ ನಡುವೆ ನಿಂತು ಸುತ್ತ ನೋಡಿದೆ. ಕಿಟಕಿಗಳು ನೆಲಕ್ಕೆ ಹತ್ತಿರ ಇರಲಿಲ್ಲ. ನೆಲ ಕಿಟಕಿಗೆ ಹತ್ತಿರ ಹೋಗಿತ್ತು. ದೀಪದ ಗೂಡು ಮಕ್ಕಳಿಗೋಸ್ಕರ ಮಾಡಿದ್ದಲ್ಲ. ಕಂಬಗಳಿಗೆ ಪೀಠ ಇತ್ತು, ನಾನು ಅವುಗಳನ್ನು ಜಲ್ಲಿಯಲ್ಲಿ ಹೂತಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನು ಮಟ್ಟಸ ಮಾಡಿ ಮೇಲಿನ ಕಲ್ಲನ್ನು ಡೊಂಕು ಎಂದಿದ್ದೆ. ನೆಲ ಅಗೆಯಬಾರದು ಎಂಬ ಕಟ್ಟಿಗೆ ಹೆದರಿ ಒಂದೊಂದು ತಲೆಮಾರಿನವರೂ ಹಳೆಯದರ ಮೇಲೆ ಹೊಸದನ್ನು ಹಾಕುತ್ತ ಬಂದಿದ್ದರು ನಿಜ. ಸಗಣಿಯ ಮೇಲೆ ಮಣ್ಣು, ಮಣ್ಣಿನ ಮೇಲೆ ದೊಡ್ಡಪ್ಪನ ಕೆಂಪು. ಆದರೆ ಒಂದೇ ಏಟಿಗೆ ಏಳು ಇಂಚು ಏರಿಸಿದ ಮಹಾನುಭಾವ ನಾನೊಬ್ಬನೇ.

ಮನುಷ್ಯ ಎಷ್ಟು ಕೆಟ್ಟವನು ಎಂದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. 'ಇರಲಿ ಹಮೀದಾಕ, ಆದದ್ದು ಆಯಿತು. ನಾವು ಕಲ್ಲನ್ನೇ ಎತ್ತುವ' ಎಂದೆ. ನನ್ನ ಏಳು ಇಂಚನ್ನು ಒಪ್ಪಿಕೊಳ್ಳುವುದಕ್ಕಿಂತ ಆ ಬಂಡೆಯನ್ನು, ಗೋಡೆಯನ್ನು, ಅಟ್ಟವನ್ನು, ಅದರ ಮೇಲಿನ ಮಾಡನ್ನು ಎತ್ತುವುದೇ ನನಗೆ ಸುಲಭ ಎನಿಸಿತು. ಹಮೀದಾಕ ಮೆಟ್ಟಿಲ ಮೇಲೆ ಕುಳಿತು ಸದಾನಂದನ ಹೆಂಡತಿ ಕೊಟ್ಟ ಚಾ ಕುಡಿದರು. ಲೋಟ ಪೂರ್ತಿ ಖಾಲಿಯಾದ ಮೇಲೆ ಹೇಳಿದರು: 'ಸಾರ್, ಕಲ್ಲು ಇಟ್ಟಲ್ಲಿಯೇ ಉಂಟು. ಅದು ತಪ್ಪು ಮಾಡಲಿಲ್ಲ. ತಪ್ಪು ಮಾಡದವನನ್ನು ಎಬ್ಬಿಸಿ ಕೂರಿಸುವುದು ಯಾಕೆ? ಆದರೆ ನೆಲ ಅಗೆಯಲಿಕ್ಕೆ ಅಮ್ಮನ ಒಪ್ಪಿಗೆ ಬೇಕು. ಅದು ನೀವೇ ಕೇಳಬೇಕು.'

ಬೆಳ್ಮಣ್ಣಿನಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ನಾನು ಹೇಗೆ ಹೇಳಬೇಕೆಂದು ಐದಾರು ಸಲ ಅಭ್ಯಾಸ ಮಾಡಿದೆ. ಮನೆಗೆ ಬಂದಾಗ ದೊಡ್ಡಮ್ಮ ಅಡುಗೆಕಟ್ಟೆಯ ಎದುರು ನೆಟ್ಟಗೆ ನಿಂತು ಅಲಸಂಡೆ ಕತ್ತರಿಸುತ್ತಿದ್ದರು. ನಾನು ಹಳೆಯ ಕಟ್ಟಡಗಳಲ್ಲಿ ಕಾಲಕ್ರಮೇಣ ನೆಲದ ಮಟ್ಟ ಏರುವುದು ಲೋಕರೂಢಿ ಎಂಬಲ್ಲಿಂದ ಶುರುಮಾಡಿ, ಹಲವು ತಲೆಮಾರುಗಳ ಜವಾಬ್ದಾರಿಯನ್ನು ವಿವರಿಸಿ, ಗುತ್ತಿಗೆದಾರರ ಅಜಾಗರೂಕತೆಯನ್ನು ಖಂಡಿಸಿ, ಕೊನೆಗೆ, 'ಒಟ್ಟಿನಲ್ಲಿ ನಾನು ಹಾಕಿಸಿದ್ದು ಏಳು ಇಂಚು ಎಂದು ಕಾಣುತ್ತದೆ' ಎಂದೆ.

'ಏಳು ಉಂಟಾ?' ಎಂದರು ದೊಡ್ಡಮ್ಮ ಚೂರಿ ನಿಲ್ಲಿಸದೆ. 'ನಾನು ಆರು ಎಂದುಕೊಂಡಿದ್ದೆ.'

'ನಿಮಗೆ ಗೊತ್ತಿತ್ತಾ?'

'ಗೊತ್ತಿಲ್ಲದೆ ಎಂತ? ಟೈಲ್ಸ್ ಹಾಕಿದ ಮರುದಿನ ಬೆಳಿಗ್ಗೆ ಹೂ ಕೊಯ್ಯಲು ಹೊರಟವಳು ಕಲ್ಲಿಗೆ ತಲೆ ಹೊಡೆಸಿಕೊಂಡೆ. ಆ ಮನೆಗೆ ಬಂದು ಅಷ್ಟು ವರ್ಷದಲ್ಲಿ ಅದೇ ಮೊದಲು.'

'ನನಗೆ ಹೇಳಬಾರದಿತ್ತಾ ದೊಡ್ಡಮ್ಮ?'

ಈಗ ಚೂರಿ ನಿಂತಿತು. 'ಹೇಳಿದೆ ಮಗಾ. ನೀನು ಕೇಳಿದೆಯಾ? ಹಿರಿಯರು ನಮ್ರತೆಗೋಸ್ಕರ ಬಾಗಿಲು ಸಣ್ಣ ಮಾಡಿದ್ದು ಎಂದು ನನಗೇ ಅರ್ಧ ಗಂಟೆ ಹೇಳಿದೆ. ಆಮೇಲೆ ಬಂದವರಿಗೆಲ್ಲ ಹೇಳಿದೆ. ಮೊನ್ನೆ ನಾನು ಮುಟ್ಟಾಳೆಯ ಮಾತು ತೆಗೆದೆ, ನೀನು ಹೌದು ಹೌದು ಎಂದೆ. ನಾನು ಓದಿದವಳಲ್ಲ, ಇನ್ನು ಹೇಗೆ ಹೇಳುವುದು?'

ನನಗೆ ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು. ಹನ್ನೆರಡು ವರ್ಷ ಆ ಹೆಂಗಸು ತನ್ನ ಮನೆಯ ಬಾಗಿಲಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಬೆನ್ನು ಬಗ್ಗಿಸಿದ್ದರು. ಆ ಬೆನ್ನಿಗೆ ಈಗ ಮೊಳೆ ಬಿಗಿದಿದ್ದಾರೆ. ವೈದ್ಯರು ಅದು ವಯಸ್ಸಿನಿಂದ ಎಂದಿದ್ದಾರೆ, ಇರಬಹುದು. ನನಗೆ ಮಾತ್ರ ಆ ಮಾತಿನಿಂದ ಸಮಾಧಾನವಾಗಿಲ್ಲ.

'ಚಾವಡಿಯ ನೆಲಕ್ಕೆ ಹಾರೆ ಹಾಕಬಾರದು ಎಂದು ಉಂಟಲ್ಲ. ಎಂತ ಮಾಡುವುದು?' ಎಂದು ಕೇಳಿದೆ. ಅವರನ್ನು ನಾನು ನಿಜವಾಗಿ ಕೇಳಿದ್ದು ಅದೇ ಮೊದಲ ಸಲ ಇರಬೇಕು.

'ಹಾಕಬಾರದು ಎಂದು ಇರುವುದು ಮನೆಯ ನೆಲಕ್ಕೆ. ನೀನು ಹಾಕಿಸಿದ್ದು ನೆಲ ಅಲ್ಲ, ಟೈಲ್ಸ್. ತೆಗೆಯಲಿ.' ಮತ್ತೆ ಅಲಸಂಡೆ ಕೈಗೆತ್ತಿಕೊಂಡು ಹೇಳಿದರು: 'ಆದರೆ ಕೆಂಪು ಕಾಣುವಾಗ ನಿಲ್ಲಿಸಲು ಹೇಳು. ಅದು ಅವರು ಹಾಕಿಸಿದ್ದು. ನೆಲ ನುಣ್ಣಗಾಗಬೇಕೆಂದು ಹದಿನೈದು ದಿನ ಇಬ್ಬರೂ ಮೊಣಕಾಲಿನಲ್ಲಿ ಕುಳಿತು ಒಡೆದ ತೆಂಗಿನಕಾಯಿಯ ಗಡಿಯಲ್ಲಿ ಉಜ್ಜಿದ್ದೇವೆ. ಆ ಕೆಂಪಿನಿಂದ ನೆಲ ಏರಿದ ಮೇಲೆಯೇ ಅವರ ಮುಟ್ಟಾಳೆ ಹೊರಗಿನ ಗೂಟಕ್ಕೆ ಹೋದದ್ದು.'

ಕೆಂಪು ನೆಲದವರೆಗೆ ತೆಗೆದರೆ ಬಾಗಿಲು ಐದು ಅಡಿ ಐದು ಇಂಚು. ದೊಡ್ಡಮ್ಮ ಐದು ಅಡಿ ನಾಲ್ಕು. ಒಂದೇ ಇಂಚು ಉಳಿಯುತ್ತದೆ, ಇನ್ನೂ ಸ್ವಲ್ಪ ಕೆಳಗೆ ಹೋಗೋಣ ಎಂದು ನನ್ನ ಬಾಯಿಯವರೆಗೆ ಬಂದಿತ್ತು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಸಲಹೆಯನ್ನು ನಾನೇ ನುಂಗಿದೆ.

ಹೊಸ್ತಿಗೆ ಹದಿನೈದು ದಿನ ಇರುವಾಗ ಹಮೀದಾಕ ಇಬ್ಬರು ಆಳುಗಳೊಂದಿಗೆ ಶುರುಮಾಡಿದರು. ಯಂತ್ರ ಬೇಡ ಎಂದರು. ಕೆಳಗಿನ ಕೆಂಪಿಗೆ ಪೆಟ್ಟಾಗಬಾರದಲ್ಲ. ಉಳಿ ಸುತ್ತಿಗೆಯಲ್ಲೇ ಗೇಣು ಗೇಣಾಗಿ ತೆಗೆದರು. ನಾನು ದಿನಾ ಬೆಳಿಗ್ಗೆ ಏಳರ ಬಸ್ಸಿಗೆ ಹೋಗಿ ಬುಟ್ಟಿಯಲ್ಲಿ ನನ್ನ ಜಲ್ಲಿಯನ್ನು ನಾನೇ ಹೊತ್ತು ಅಂಗಳಕ್ಕೆ ಹಾಕಿದೆ. ಬೇಡ ಸಾರ್ ಎಂದು ಹಮೀದಾಕ ಎರಡು ಸಲ ಹೇಳಿದರು, ಮೂರನೇ ಸಲ ಹೇಳಲಿಲ್ಲ. ಬಚ್ಚಲಿಗೆ ಮೆಟ್ಟಿಲು ಮತ್ತೆ ಬಂತು. ಅದಕ್ಕೆ ನಾನು ನಕ್ಷೆ ಬರೆಯುವ ಮೊದಲೇ ಅವರು ಒಂದು ಇಳಿಜಾರು ಮಾಡಿ, ಅದರ ಬದಿಗೂ ಜಗಲಿಯ ಮೆಟ್ಟಿಲಿಗೂ ಹಿಡಿಯಲು ಕಂಬಿ ಹಾಕಿ ಮುಗಿಸಿದ್ದರು. ಕಂಬಗಳ ಪೀಠ ಮೇಲೆ ಬಂತು, ಎಂಟು ಮೂಲೆಯದ್ದು. ದೀಪದ ಗೂಡು ದೊಡ್ಡಮ್ಮನಿಗೆ ಬಗ್ಗದೆ ಕೈಯಿಡುವ ಎತ್ತರಕ್ಕೆ ಬಂತು.

ಎಲ್ಲ ಮುಗಿದ ಮೇಲೆ ಇನ್ನೊಂದು ಫಜೀತಿ ಕಂಡಿತು. ಬಾಗಿಲು ಹಾಕಿದರೆ ಕೆಳಗೆ ಏಳು ಇಂಚು ಸಂದು! ಸದಾನಂದನ ನಾಯಿ ಅದರ ಮೂಲಕ ರಾಜಗಾಂಭೀರ್ಯದಿಂದ ಒಳಗೆ ಬಂದು ಕೆಂಪು ನೆಲದ ಮೇಲೆ ಹೊಟ್ಟೆ ತಾಗಿಸಿ ಮಲಗಿತು. ನೆಲ ಏರಿದಾಗ ಬಾಗಿಲು ತೆರೆಯಲಾಗದೆ ಆಗಿನ ಬಡಗಿ ಬಾಗಿಲಿನ ಎರಡೂ ಕದಗಳ ಕೆಳಭಾಗವನ್ನು ಗರಗಸ ಹಾಕಿ ಕೊಯ್ದಿದ್ದನಂತೆ. 'ಕೊಯ್ದ ತುಂಡು ಎಲ್ಲಿ?' ಎಂದು ಕೇಳಿದೆ. ಸದಾನಂದನ ಹೆಂಡತಿ ಅಡುಗೆಮನೆಗೆ ಹೋಗಿ ಎರಡು ಮಣೆ ತಂದಿಟ್ಟಳು. ಹನ್ನೆರಡು ವರ್ಷ ಹಬ್ಬದ ಊಟಕ್ಕೆ ನಾನು ಕುಳಿತುಕೊಳ್ಳುತ್ತಿದ್ದ ಮಣೆಗಳು. ಮಗುಚಿ ನೋಡಿದರೆ ಎರಡರಲ್ಲೂ ತಾವರೆಯ ಕೆಳಗಿನ ಅರ್ಧ. ನೀರಿನಿಂದ ಮೇಲೇಳುತ್ತಿದ್ದ ತಾವರೆಯ ಮೇಲೆ ಕುಳಿತು ನಾನು ಪಾಯಸವನ್ನು ಎರಡನೇ ಸಲ ಹಾಕಿಸಿಕೊಂಡಿದ್ದೆ. ಬಡಗಿಯನ್ನು ಕರೆಸಿ ಅವನ್ನು ಬಾಗಿಲಿಗೆ ಮತ್ತೆ ಕೂಡಿಸಿದೆವು. ಸೇರಿಸಿದ ಗೆರೆ ಕಾಣುತ್ತದೆ, ಕಾಣಲಿ ಎಂದು ಬಿಟ್ಟಿದ್ದೇವೆ. ಮಣಿಪಾಲದ ಆ ಹುಡುಗಿಯ ನೋಟ್‌ಬುಕ್ಕಿನಲ್ಲಿ ಮಾತ್ರ ಅದು ಇನ್ನೂ ಏಳುತ್ತಲೇ ಇದೆ. ಅವಳ ಹೆಸರು ನನಗೆ ಗೊತ್ತಿಲ್ಲ. ಇದನ್ನು ಓದಿದರೆ ದಯವಿಟ್ಟು ಅದೊಂದು ಸಾಲನ್ನು ಹೊಡೆದುಹಾಕಬೇಕು.

ಹೊಸ್ತಿನ ದಿನ ಬೆಳಿಗ್ಗೆ ದೊಡ್ಡಮ್ಮನನ್ನು ಕಾರಿನಲ್ಲಿ ಕರೆತಂದೆವು. ಸದಾನಂದ ಗದ್ದೆಯಿಂದ ತೆನೆ ತಂದಿದ್ದ. ಹಮೀದಾಕನನ್ನೂ ಬರಹೇಳಿದ್ದೆವು, ಬಿಳಿ ಅಂಗಿ ಹಾಕಿಕೊಂಡು ಅಂಗಳದ ತುದಿಯಲ್ಲಿ ನಿಂತು ದಾರಂದವನ್ನೇ ನೋಡುತ್ತಿದ್ದರು. ದೊಡ್ಡಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಎಲೆಯಲ್ಲಿ ಸುತ್ತಿದ ಕದಿರನ್ನು ದಾರಂದದ ಮೇಲ್ಗಲ್ಲಿನ ಕಬ್ಬಿಣದ ಬಳೆಗೆ ಕೈಯೆತ್ತಿ ಕಟ್ಟಿದರು. ಅವರು ಒಮ್ಮೆಯೂ ಮೇಲೆ ನೋಡಲಿಲ್ಲ. ಬಲಗಾಲಿಟ್ಟು, ಕತ್ತು ನೆಟ್ಟಗೆ, ಕದಿರಿನ ಎಲೆ ಕೂದಲನ್ನು ಸವರುವಷ್ಟು ಹತ್ತಿರದಲ್ಲಿ ದಾಟಿ ಕೆಂಪು ನೆಲದ ಮೇಲೆ ನಿಂತರು. ಕಾಲಿನ ಹೆಬ್ಬೆರಳಿನಿಂದ ನೆಲವನ್ನು ಒಮ್ಮೆ ಉಜ್ಜಿ ನೋಡಿದರು. 'ಒರೆಸಿದ್ದು ಸಾಲದು' ಎಂದರು. ನನಗೆ ಆಚೆ ತಿರುಗಿ ಗದ್ದೆ ನೋಡುವ ಕೆಲಸ ಬಂತು.

ಅವರ ಹಿಂದೆ ಶಾಲಿನಿ ಹೋದಳು, ಸದಾನಂದ ಹೋದ, ಅವನ ಹೆಂಡತಿ ಹೋದಳು, ನಾಯಿಯೂ ಹೋಯಿತು. ಕೊನೆಗೆ ನಾನು. ಹಳೆಯ ಅಭ್ಯಾಸದಂತೆ ಸೊಂಟದಿಂದ ಬಗ್ಗಿ, ಗದ್ದ ಎದೆಗೆ ತಾಗಿಸಿ, ಕಣ್ಣು ಮುಚ್ಚಿ ಒಳಗೆ ನುಗ್ಗಿದೆ. ಎಲ್ಲರೂ ನಕ್ಕರು.

'ಎಂತ ಮಾರಾಯ, ಇಷ್ಟು ಬಗ್ಗುವುದು ಯಾಕೆ? ಈಗ ಬಾಗಿಲು ದೊಡ್ಡ ಆಯಿತಲ್ಲ' ಎಂದ ಸದಾನಂದ.

'ಬಗ್ಗಲಿ ಬಿಡು' ಎಂದರು ದೊಡ್ಡಮ್ಮ. 'ನಮ್ರತೆ.'

ಈಗಲೂ ನಾನು ಕಲ್ಲಮನೆಗೆ ಹೋದಾಗಲೆಲ್ಲ ಹಾಗೆಯೇ ಬಗ್ಗುತ್ತೇನೆ. ನನ್ನ ಎತ್ತರಕ್ಕೆ ಆ ದಾರಂದ ಕೇಳುವುದು ಬರೀ ಮೂರು ಇಂಚು. ನಾನು ಹತ್ತು ಬಗ್ಗುತ್ತೇನೆ. ಮಿಕ್ಕ ಏಳು ಏತಕ್ಕೆ ಎಂದು ನೆಂಟರು ಕೇಳಿದರೆ ವ್ಯಾಖ್ಯಾನ ಮಾಡುವುದನ್ನು ಮಾತ್ರ ಬಿಟ್ಟಿದ್ದೇನೆ. ಒಳಗೆ ದೊಡ್ಡಮ್ಮ ಇದ್ದಾರೆ, ಅವರನ್ನೇ ಕೇಳಿ ಎನ್ನುತ್ತೇನೆ.